ಸೋಮವಾರ ತೆಗೆಯದ ಗೇಟು

ಟಗರು ಇಲ್ಲ!

ಬಂಡೂರಿನ ರೇವಣ್ಣನ ಕುರಿ ಫಾರಂನಲ್ಲಿ ಮಂಗಳವಾರ ಮಧ್ಯಾಹ್ನ ಎದ್ದ ಬೊಬ್ಬೆ ಅದು. ಅಂತಿಂಥ ಟಗರಲ್ಲ, ಮೇಳಕ್ಕೆ ಹೋದರೆ ಗೆದ್ದೇ ಬರುವ ಭೀಮ. ನಾನು ಹೆಡ್ ಕಾನ್‌ಸ್ಟೆಬಲ್ ಪುಟ್ಟಮಾದಯ್ಯ. ಮುದ್ದೆಗೆ ಕೈ ಹಾಕಿದ್ದೆ ಕಣ್ರೀ, ಅಷ್ಟರಲ್ಲಿ ಫೋನು! ಎಸ್ಸೈ ಅರುಂಧತಿ ಮೇಡಂ ಜೊತೆ ಜೀಪಿನಿಂದ ಇಳಿಯುವ ಹೊತ್ತಿಗೆ ಊರಿಗೆ ಊರೇ ಅಲ್ಲಿ ಸೇರಿತ್ತು.

ಭೀಮನ ದೊಡ್ಡಿಯ ಹಿಂದಿನ ಗೇಟು ಹಾರು ಹೊಡೆದಿತ್ತು. ಬೀಗ ಮುರಿದಿಲ್ಲ. ಕಂಬಿ ಬಗ್ಗಿಲ್ಲ.

"ಇವಳೇ ಕಣ್ ಮೇಡಮ್ಮೋರೇ! ಎತ್ತಾಕ್ಕೊಂಡೋಗಿ!" ರೇವಣ್ಣ ಒಂದು ಹುಡುಗಿಯ ಕಡೆ ಬೊಟ್ಟು ಮಾಡಿ ಅರಚಿದ.

ಅವಳು ಭಾರತೀನಗರದ ದೀಪಿಕ. ಈ ಫಾರಂನ ಗೇಟು, ಮೇವಿನ ಮಿಷನ್ನು ಎಲ್ಲಕ್ಕೂ ಕಂಪ್ಯೂಟರ್ ಜೋಡಿಸಿದವಳು. ಹೇಳಿಟ್ಟ ಹೊತ್ತಿಗೆ ಗೇಟು ತಾನೇ ತೆಗೆಯುತ್ತದಂತೆ, ತಾನೇ ಮುಚ್ಚುತ್ತದಂತೆ. ಪಾಪ, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ನಾನಲ್ಲ ಮೇಡಂ. ಕಳ್ಳಿ ಅಂತ ಹೆಸರು ಬಂದ್ರೆ ಇನ್ಯಾವ ಫಾರಂನವರೂ ನನ್ನ ಒಳಗೆ ಬಿಟ್ಕೊಳಲ್ಲ."

"ಇನ್ಯಾರು ಮತ್ತೆ?" ಅಂದವನು ರೇವಣ್ಣನ ತಮ್ಮ ಕನಕರಾಜು. "ನೆನ್ನೆ ನಾವೆಲ್ಲ ಮದ್ದೂರಿಗೆ ಗೃಹಪ್ರವೇಶಕ್ಕೆ ಓಗಿದ್ವಿ. ಬಂದಾಗ ಟಗರು ಇತ್ತು. ಇವತ್ತು ಇಲ್ಲ. ಕಂಪ್ಯೂಟರು ಇವಳಿಗಲ್ದೆ ಯಾರಿಗ್ ಬತ್ತದೆ?"

*

ಕಂಪ್ಯೂಟರು ಮೇವಿನ ಕೋಣೆಯಲ್ಲಿತ್ತು. ಅದರ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ದಪ್ಪಕ್ಕೆ ಏನೋ ಬರೆದಿತ್ತು.

"ಇದೇನು?" ಮೇಡಂ ಕೇಳಿದರು.

"ಪಾಸ್‌ವರ್ಡು," ಅಂದ ರೇವಣ್ಣ. "ಮರ್ತೋಯ್ತದೆ ಅಂತ ಬರೆದಾಕ್ದೆ."

ನಾನು ಹಣೆ ಹಣೆ ಚಚ್ಚಿಕೊಂಡೆ. ಅಂದರೆ ಮೇವು ಹಾಕಲು ಬಂದವರೆಲ್ಲ ಅದನ್ನು ಓದಿದ್ದಾರೆ!

ದೀಪಿಕ ಪರದೆ ತೋರಿಸಿದಳು. "ಈ ಕಂಪ್ಯೂಟರ್ ಓಡೋದು ಲಿನಕ್ಸ್ ಅನ್ನೋ ಸಾಫ್ಟ್‌ವೇರಿನಲ್ಲಿ ಮೇಡಂ. ಇದರಲ್ಲಿ ಕ್ರಾನ್ ಅಂತ ಒಂದಿದೆ. ಯಾವ ವಾರ, ಯಾವ ಹೊತ್ತು, ಏನು ಕೆಲಸ ಅಂತ ಒಂದು ಸಾಲು ಬರೆದಿಟ್ರೆ ಸಾಕು, ವಾರವಾರವೂ ತಾನೇ ಮಾಡ್ತಿರುತ್ತೆ. ಈ ಕೊನೇ ಸಾಲು ನಾನು ಬರೆದಿದ್ದಲ್ಲ. ಮಧ್ಯಾಹ್ನ ಒಂದು ಗಂಟೆಗೆ ಹಿಂದಿನ ಗೇಟು ತೆಗಿ ಅಂತಿದೆ. ವಾರದ ಜಾಗದಲ್ಲಿ ಎರಡು."

"ಎರಡು ಅಂದ್ರೆ?"

"ಮಂಗಳವಾರ. ಕ್ರಾನ್‌ಗೆ ಭಾನುವಾರ ಸೊನ್ನೆ, ಸೋಮವಾರ ಒಂದು."

ಮೇಡಂ ಸುಮ್ಮನೆ ಬೆರಳು ಮಡಿಸಿದರು. ಭಾನುವಾರ, ಸೋಮವಾರ... ಅವರ ಕಣ್ಣು ಮಿನುಗಿತು. ಆ ಕಣ್ಣು ನನಗೆ ಗೊತ್ತಿಲ್ಲವೇ? ಅದು ಮಿನುಗಿದರೆ ಯಾರಿಗೋ ಗ್ರಹಚಾರ ಬಿಡಿಸುತ್ತಾರೆ ಅಂತಲೇ ಲೆಕ್ಕ!

*

ಹಿಂದಿನ ಗೇಟಿನಾಚೆ ಗಾಡಿದಾರಿ. ಪಕ್ಕದ ತೋಟದ ಅಂಕಮ್ಮ ಅಲ್ಲಿ ಹುಲ್ಲು ಕುಯ್ಯುತ್ತಿದ್ದಳು.

"ಇಲ್ಲಿ ಯಾವುದಾದ್ರೂ ಗಾಡಿ ಬಂದಿತ್ತಾ ಅಂಕಮ್ಮ?" ಮೇಡಂ ವಿಚಾರಿಸಿದರು.

"ಇವತ್ತು ಒಂದು ನರಪಿಳ್ಳೆನೂ ಇಲ್ಲ ಕಣವ್ವ. ನೆನ್ನೆ ಒಂದು ಗೂಡ್ಸ್ ಆಟೋ ನಿಂತಿತ್ತು. ಡ್ರೈವರ್ರು ಗೇಟ್ನೇ ನೋಡ್ತಾ ಬೀಡಿ ಸೇದ್ತಾ ಕೂತಿದ್ದ. ಸಂಜೆಗೆ ಬೈಕಂಡು ಒಂಟೋದ."

"ಬೇರೆ ಯಾರೂ ನೋಡ್ಲಿಲ್ವಾ?"

"ಸೋಮವಾರ ಯಾರವ್ವ ಆರು ಕಟ್ಟಿ ಉತ್ತಾರು? ಎತ್ತಿಗೆ ರಜ. ಒಲದಲ್ಲಿ ನಾನೊಬ್ಳೇ."

ಮೇಡಂ ನನ್ನ ಕಡೆ ತಿರುಗಿದರು. "ಪುಟ್ಟಮಾದಯ್ಯನೋರೇ, ಎಲ್ಲರನ್ನೂ ಕರೀರಿ. ಬೇಗ!"

*

"ಕಳ್ಳನ ಲೆಕ್ಕ ಸರಿಯಾಗೇ ಇತ್ತು," ಮೇಡಂ ಶುರು ಮಾಡಿದರು. "ನಿನ್ನೆ ಗೇಟು ತೆಗೆದು ಮುಚ್ಚಿದೆ. ಆಟೋದವನೇ ದಡ್ಡ. ನಿದ್ದೆ ಹೊಡೆದಿದ್ದಾನೆ."

"ನಿದ್ದೆ ಎಲ್ಲಿ ಒಡ್ದ?" ಕನಕರಾಜು ಸಿಡಿದ. "ಸಂಜೆಗಂಟ ಕಾದ್ರೂ ಗೇಟು ತೆಗೀಲೇ ಇಲ್ವಂತೆ..."

ತಕ್ಷಣ ನಾಲಿಗೆ ಕಚ್ಚಿಕೊಂಡ.

"ನೀವು ಮದ್ದೂರಲ್ಲಿದ್ರಲ್ಲ ಕನಕರಾಜು? ಅವನು ಸಂಜೆತನಕ ಕಾದಿದ್ದು ನಿಮಗೆ ಯಾರು ಹೇಳಿದ್ರು?"

ನಾನು ಅವನ ಜೇಬಿನಿಂದ ಫೋನು ಎಳೆದೆ. ನಿನ್ನೆ ಆಟೋದವನು ಮಾಡಿದ ಕರೆಗಳು ಸಾಲುಸಾಲು!

ಮೇಡಂ ಬಿಡಿಸಿ ಹೇಳಿದರು. "ಹೊಲ ಖಾಲಿ, ಮನೆಯೋರೆಲ್ಲ ಮದ್ದೂರು. ಅದಕ್ಕೇ ಸೋಮವಾರ ಆರಿಸಿದ್ರಿ. ನಮ್ಮ ಬೆರಳಿಗೆ ಭಾನುವಾರ ಒಂದು, ಸೋಮವಾರ ಎರಡು. ಗೋಡೆ ಮೇಲಿನ ಪಾಸ್‌ವರ್ಡು ಹಾಕಿ, ದೀಪಿಕ ಬರೆದ ಸಾಲು ನೋಡ್ಕೊಂಡು ಹಾಗೇ ಎರಡು ಅಂತ ಬರೆದ್ರಿ. ಯಂತ್ರ ಅದನ್ನ ಮಂಗಳವಾರ ಅಂತ ಓದ್ಕೊಳ್ತು. ದೀಪಿಕ ಬರೆದಿದ್ರೆ ಒಂದು ಹಾಕಿರೋಳು."

ಕನಕರಾಜು ಕುಸಿದು ಕೂತ. "ನಾನೂ ಸಾಕ್ದೆ ಕಣಣ್ಣ. ಗಂಜ್ಳ ಬಳ್ದೋನು ನಾನು. ಮೇಳದಲ್ಲಿ ಆರ ಆಕುಸ್ಕಂಡೋನು ನೀನು!"

ಅವನ ಮಾತು ನಿಜವೇ ಅನ್ನಿಸಿತು ನನಗೆ, ಸುಳ್ಳೇಕೆ? ಆದರೆ ಕಳ್ಳತನ ಕಳ್ಳತನವೇ.

"ಅಂಗಾರೆ ನನ್ ಭೀಮ ಎಲ್ಲವ್ವ?" ರೇವಣ್ಣ ಮೇಡಂ ಕಡೆ ತಿರುಗಿದ.

"ಇವತ್ತು ಗೇಟು ತೆಗೆದಾಗ ಆಟೋನೇ ಇರಲಿಲ್ಲ ರೇವಣ್ಣ. ಯಾರೂ ಕದ್ದಿಲ್ಲ. ಅವನೇ ನಡ್ಕೊಂಡು..."

"ಅಯ್ಯಯ್ಯೋ! ನನ್ ಇಪ್ಪನೇರ್ಳೆ ಸೊಪ್ಪು!" ತೋಟದಿಂದ ಅಂಕಮ್ಮನ ಕೂಗು ಬಂತು.

ಓಡಿದೆವು! ಕುತ್ತಿಗೆವರೆಗೂ ಸೊಪ್ಪಿನಲ್ಲಿ ಮುಳುಗಿ ಭೀಮ ಹಾಯಾಗಿ ಮೇಯುತ್ತಿದ್ದ. ರೇವಣ್ಣ ಅವನನ್ನು ತಬ್ಬಿಕೊಂಡು ಗೊಳೋ ಅಂತ ಅತ್ತ. ಆಮೇಲೆ ದೀಪಿಕಳ ಮುಂದೆ ಬಂದು ನಿಂತ. ತಲೆ ಎತ್ತಲಿಲ್ಲ.

"ತಪ್ಪಾಯ್ತು ಕಣವ್ವ. ಊರ ಮುಂದೆ ಕಳ್ಳಿ ಅಂದ್ಬುಟ್ಟೆ. ಊರ ಮುಂದೇನೇ ಏಳ್ತೀನಿ, ಈ ಫಾರಂ ನಿನ್ ಕೈಲೇ ಇರ್ಲಿ."

ದೀಪಿಕ ಕಣ್ಣೊರೆಸಿಕೊಂಡಳು. ಕೋಣೆಗೆ ಹೋಗಿ ಆ ಸಾಲು ಅಳಿಸಿದಳು. "ಹೊಸ ಪಾಸ್‌ವರ್ಡು ಹಾಕ್ತೀನಿ. ಏನಿಡ್ಲಿ ಹೇಳಿ."

ರೇವಣ್ಣ ಹೆಗಲ ಟವೆಲಿನಿಂದ ಗೋಡೆ ಉಜ್ಜುತ್ತಿದ್ದವನು ತಿರುಗಿದ. "ಏನಾರ ಇಟ್ಕೊ. ನಂಗ್ ಮಾತ್ರ ಏಳ್ಬೇಡ ಕಣವ್ವ!"