ಅಜ್ಜಿ ಹೇಳದೆ ಬಿಟ್ಟ ಸಾಲು

ತೈವಾನಿನ ತೈನಾನ್ ಊರಲ್ಲಿ, ನೆನಪಿನ ಶಕ್ತಿ ಪರೀಕ್ಷಿಸುವ ನಮ್ಮ ಪ್ರಯೋಗಶಾಲೆಗೆ ಬುದ್ಧಸೂತ್ರ ಹೇಳಿ ಧ್ವನಿಮುದ್ರಣ ಮಾಡಿಸಲು ಬಂದಿದ್ದ ಗುಯಿಮೆಯ್ ಅಜ್ಜಿಗೆ ಕಡೆಯ ಸಾಲಿನ ಹೊತ್ತಿಗೆ ಕೆಮ್ಮು ಹತ್ತಿತು. "ಅರ್ಧಕ್ಕೆ ಬಿಡಬಾರ್ದು ಕಣೇ, ನಾಳೆ ಬಂದು ಮುಗಿಸ್ತೀನಿ," ಅಂದರು. ಬೆಳಗಾಗುವಷ್ಟರಲ್ಲಿ ತೀರಿಕೊಂಡರು.

ನನ್ನ ಪ್ರಬಂಧದ ಗಡುವು ಮೀರುತ್ತಿತ್ತು. ಸಾಕುಸಾಕಾಗಿ, ಇದ್ದ ಸಾಲುಗಳನ್ನೇ ಪ್ರತಿ ಸಲವೂ ಬೇರೆ ಬೇರೆ ಕ್ರಮದಲ್ಲಿ ಕಲಸಿ ಕೇಳಿಸುವಂತೆ ಕಂಪ್ಯೂಟರಿಗೆ ಹೇಳಿಕೊಟ್ಟೆ. ಕೇಳಿದವರು ನೆನಪಿದ್ದಷ್ಟನ್ನು ಒಪ್ಪಿಸಬೇಕು.

ಮೊದಲು ಕೂತ ನಮ್ಮ ಕಾಲೇಜಿನ ಹುಡುಗ ಬೋಹಾನ್ ಗುಡಿಯ ಮೆಟ್ಟಿಲು ಹತ್ತದವನು. ತಡವರಿಸುತ್ತ ಒಪ್ಪಿಸಿದವನು, ಅಜ್ಜಿ ಹೇಳದೆ ಬಿಟ್ಟಿದ್ದ ಆ ಕಡೆಯ ಸಾಲನ್ನೂ ಹೇಳಿಬಿಟ್ಟ.

"ಅದೆಲ್ಲಿ ಕೇಳ್ದೆಯೋ?"

"ನಿದ್ದೆಗೆಟ್ಟು ಮಂಕಾಗಿದ್ದೀಯಾ ಅಕ್ಕಾ? ಕೊನೇಲಿ ಬಂತಲ್ಲ, ಕೆಮ್ಮಾದ್ಮೇಲೆ."

ಕೆಮ್ಮನ್ನು ನಾನೇ ಕತ್ತರಿಸಿ ತೆಗೆದಿದ್ದೆ.

ಮತ್ತೆ ಕಲಸಿ, ಬೇರೆಯವರನ್ನು ಕೂರಿಸಿದೆ. ಮಿಕ್ಕ ಸಾಲುಗಳು ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಬಂದವು. ಆ ಕಡೆಯ ಸಾಲೊಂದು ಎಲ್ಲರಿಗೂ ಕೊನೆಗೇ ಬಂತು. ಸೂತ್ರ ಕೇಳಿಯೇ ಬೆಳೆದ ನಾನು ಆ ಧ್ವನಿಮುದ್ರಣವನ್ನು ಎಷ್ಟು ಸಲ ಕಿವಿಗಿಟ್ಟುಕೊಂಡು ಕೂತರೂ, ನನಗೆ ಮಾತ್ರ ಆ ಸಾಲು ಇವತ್ತಿಗೂ ಕೇಳಿಸಿಲ್ಲ.