ಇಪ್ಪತ್ತಾರರ ಬಾಲ

"ಆರಕ್ಕೂ ಒಂಬತ್ತಕ್ಕೂ ವ್ಯತ್ಯಾಸ ಗೊತ್ತಿಲ್ಲದವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀರಲ್ಲ ಇನ್ಸ್‌ಪೆಕ್ಟರೇ, ನಿಮ್ಮ ಠಾಣೆಗೆ ಬೇರೆ ಯಾರೂ ಗತಿಯಿಲ್ಲವಾ?"

ಮಂಗಳವಾರ, ಬೆಳಗ್ಗೆ ೭.೫೦. ಹೆಣ್ಣುಮಕ್ಕಳ ವಸತಿ ಶಾಲೆಯ ಪ್ರಿನ್ಸಿಪಾಲರು ದೂರಿನ ಹಾಳೆಯನ್ನು ಎತ್ತಿ ಹಿಡಿದು ಠಾಣೆಗೆಲ್ಲ ಕೇಳುವಂತೆ ಹೇಳಿದರು. "ನಮ್ಮ ವಾರ್ಡನ್‌ನ ಕೊಂದಿದ್ದಾರೆ. ಆರು ಗಂಟೆಗೆ ಅವರನ್ನ ಕೊನೇ ಸಲ ನೋಡಿದ್ದು ಅಂತ ನಾನು ಹೇಳಿದೆ. ಇವನು ಒಂಬತ್ತು ಅಂತ ಬರೆದಿದ್ದಾನೆ. ಒಂಬತ್ತು ಇನ್ನೂ ಹೊಡೆದೇ ಇಲ್ಲ!"

ಲಾಕಪ್ಪಿನೊಳಗಿದ್ದ ಜೇಬುಗಳ್ಳ ಕೂಡ ನಕ್ಕ. ಕಾನ್‌ಸ್ಟೆಬಲ್‌ನ ಕಿವಿಗಳು ಕಾದ ಕಬ್ಬಿಣದಂತಾದವು. ಮೂರನೇ ಕ್ಲಾಸಿನಲ್ಲಿ ಇದೇ ಎರಡು ಅಂಕಿಗಾಗಿ ಮೇಷ್ಟ್ರು ಸ್ಕೇಲಿನ ಅಂಚಿನಿಂದ ಹೊಡೆದು ಅವನ ಬೆರಳ ಗೆಣ್ಣಿನ ಚರ್ಮ ಕಿತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಆಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ, ಬಿದ್ದು ಎದ್ದು ಈ ಖಾಕಿ ತೊಟ್ಟಿದ್ದ. ಎರಡು ಅಂಕಿಗೂ ಹೊಟ್ಟೆ ಒಂದೇ. ಬಾಲ ತಿರುಗುವ ಕಡೆಯಷ್ಟೇ ಬೇರೆ. ಅವಸರವಾದರೆ ಆ ಬಾಲ ಇವತ್ತಿಗೂ ಅವನ ಕೈಗೆ ಸಿಗದೆ ಜಾರುತ್ತಿತ್ತು.

"ಇನ್ನೊಂದು ಹಾಳೆ ತಗೋ ಮಾರಾಯ," ಎಂದರು ಇನ್ಸ್‌ಪೆಕ್ಟರ್. ೮.೦೫ಕ್ಕೆ ಎಫ್‌ಐಆರ್ ದಾಖಲಾಯಿತು.

ಹೆಣ ಬಿದ್ದಿದ್ದು ಹಾಸ್ಟೆಲ್ಲಿನ ಟ್ರಂಕು ಕೋಣೆಯಲ್ಲಿ. ನೂರೆಂಬತ್ತು ಹುಡುಗಿಯರ ಕಬ್ಬಿಣದ ಟ್ರಂಕುಗಳು ಗೋಡೆಗುಂಟ ಒಂದರ ಮೇಲೊಂದು ಪೇರಿಸಿದ್ದವು. ಐವತ್ತರ ಹೆಂಗಸು ಬೋರಲಾಗಿ ಬಿದ್ದಿದ್ದಳು. ಕೊರಳಲ್ಲಿ ಸೀಟಿ, ಸೊಂಟದಲ್ಲಿ ಬೀಗದ ಕೈಗೊಂಚಲು. ತಲೆಯ ಹಿಂಭಾಗ ಒಳಕ್ಕೆ ಕುಸಿದು, ತುರುಬಿನ ಪಿನ್ನುಗಳು ಮೂಳೆಗೆ ನಾಟಿದ್ದವು. ಹಾಜರಿ ಪುಸ್ತಕ ರಕ್ತದಲ್ಲಿ ನೆನೆದು ಕೆನ್ನೆಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿದಾಗ ಬಂದ ಸದ್ದಿಗೆ ಪಂಚಸಾಕ್ಷಿಯಾಗಿ ನಿಂತಿದ್ದ ಗಣಿತದ ಟೀಚರು ಹೊರಗೋಡಿ ವಾಂತಿ ಮಾಡಿಕೊಂಡರು. ಹೆಣದ ಪಕ್ಕದಲ್ಲೇ ಒಂದು ಟ್ರಂಕು ಬಾಯ್ತೆರೆದು ನಿಂತಿತ್ತು. ಒಳಗೆ ಏನೂ ಇರಲಿಲ್ಲ. ಮುಚ್ಚಳದ ಒಳಮೈಯ ಹಸಿರು ಬಣ್ಣ ಮಾತ್ರ ಅಲ್ಲಲ್ಲಿ ಹೊಸದಾಗಿ ಕೆರೆದುಹೋಗಿತ್ತು.

"ಇದನ್ನೂ ಪಂಚನಾಮೆಗೆ ಬರೆಯಲಾ ಸಾರ್?"

"ಟ್ರಂಕು ಅಂದಮೇಲೆ ಗೀರು ಇರಲ್ವೇನೋ? ಬರ್ಕೋ, ನಿನಗೆ ಅಷ್ಟು ಆಸೆ ಇದ್ರೆ."

ಕಾನ್‌ಸ್ಟೆಬಲ್ ಬರೆದುಕೊಂಡ. ೯.೩೦ಕ್ಕೆ ಹಿತ್ತಲಿನ ಒಣ ತೊಟ್ಟಿಯಲ್ಲಿ ಒಂದು ಗಂಟು ಸಿಕ್ಕಿತು. ಬೆಡ್‌ಶೀಟಿನಲ್ಲಿ ಸುತ್ತಿದ್ದ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. ಅದರ ಮೂತಿಗೆ ಅಂಟಿದ್ದ ನರೆತ ಕೂದಲು. ಬೆಡ್‌ಶೀಟಿನ ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ: ೨೬.

ಪ್ರಿನ್ಸಿಪಾಲರ ಮುಖ ನಿರಾಳವಾಯಿತು. "ಇಪ್ಪತ್ತಾರು ಅಂದರೆ ಹತ್ತನೇ ಕ್ಲಾಸಿನ ಆ ಏಣಿ. ನನಗೆ ಮೊದಲೇ ಗೊತ್ತಿತ್ತು."

ಉದ್ದಕ್ಕಿದ್ದ ಹುಡುಗಿಗೆ ಏಣಿ ಎಂದೇ ಹೆಸರಾಗಿತ್ತು. ಭಾನುವಾರ ವಾರ್ಡನ್ ಅವಳ ಅಂಗೈಗೆ ಇಪ್ಪತ್ತು ಏಟು ಕೊಟ್ಟಿದ್ದಳು. ಇಪ್ಪತ್ತನೇ ಏಟಿಗೆ ಏಣಿ ಊಟದ ಹಾಲಿನಲ್ಲಿ ಎಲ್ಲರೆದುರು ಕಿರುಚಿದ್ದಳು. ಇಂದು ಬೆಳಗ್ಗೆ ಎಲ್ಲರೂ ಡ್ರಿಲ್‌ಗೆ ಹೋದಾಗ ಅವಳೊಬ್ಬಳೇ ಹಾಸ್ಟೆಲ್ಲಿನಲ್ಲಿ ಉಳಿದಿದ್ದಳಂತೆ. ದೊಡ್ಡ ಹುಡುಗಿಯರು ತಮ್ಮ ಬಟ್ಟೆಗೆ ತಾವೇ ಇಸ್ತ್ರಿ ಹಾಕಿಕೊಳ್ಳುವುದರಿಂದ ಇಸ್ತ್ರಿ ಕೋಣೆಗೂ ಅವಳಿಗೆ ತಡೆಯಿರಲಿಲ್ಲ.

ಮಹಿಳಾ ಕಾನ್‌ಸ್ಟೆಬಲ್‌ನ ಪಕ್ಕದಲ್ಲಿ ಏಣಿಯನ್ನು ಕೂರಿಸಿ ಇನ್ಸ್‌ಪೆಕ್ಟರ್ ವಿಚಾರಣೆ ಶುರು ಮಾಡಿದರು.

"ಡ್ರಿಲ್‌ಗೆ ಯಾಕೆ ಹೋಗಲಿಲ್ಲ?"

ಏಣಿ ಎರಡೂ ಕೈ ಮುಂದೆ ಚಾಚಿದಳು. ಅಂಗೈ ಊದಿ ಸೀಳಿ ಕೀವು ತುಂಬಿತ್ತು. ಬೆರಳು ಮಡಚಲು ಬರುತ್ತಿರಲಿಲ್ಲ.

"ವಾರ್ಡನ್ ತಲೆ ಒಡೀತೀನಿ ಅಂದಿದ್ದೆಯಂತೆ."

"ಅಂದಿದ್ದೆ."

"ಒಡೆದೆಯಾ?"

"ಇಲ್ಲ. ಒಡೆದ ಕೈ ಯಾರದ್ದು ಅಂತ ಗೊತ್ತಾದರೆ ಆ ಕೈಗೆ ಮುತ್ತು ಕೊಡ್ತೀನಿ."

ಪ್ರಿನ್ಸಿಪಾಲರು ಎದ್ದುಬಂದು ಅವಳ ಕಪಾಳಕ್ಕೆ ಬಾರಿಸಿದರು. ತುಟಿ ಒಡೆದು ರಕ್ತ ಬಂತು. ಇನ್ಸ್‌ಪೆಕ್ಟರ್ ಕಿಟಕಿಯಾಚೆ ನೋಡಿದರು. ಕಾನ್‌ಸ್ಟೆಬಲ್ ಕೈಯಲ್ಲಿದ್ದ ಪೆನ್ಸಿಲ್ಲು ಲಟಕ್ಕನೆ ಮುರಿಯಿತು.

ಏಣಿ ಒರೆಸಿಕೊಳ್ಳಲೂ ಇಲ್ಲ. "ಒಬ್ಬೊಬ್ಬರಿಗೆ ಎರಡೇ ಬೆಡ್‌ಶೀಟು ಕೊಡೋದು. ನನ್ನವೆರಡೂ ನನ್ನ ಹತ್ರಾನೇ ಇವೆ. ಹೋಗಿ ನೋಡ್ಕೊಳ್ಳಿ."

ಕಾನ್‌ಸ್ಟೆಬಲ್ ಹೋಗಿ ನೋಡಿದ. ಒಂದು ಹಾಸಿಗೆಯ ಮೇಲೆ, ಇನ್ನೊಂದು ಟ್ರಂಕಿನಲ್ಲಿ. ಎರಡಕ್ಕೂ ೨೬.

"ಮೂರನೇದು ಕದ್ದು ಹೊಲಿದುಕೊಂಡಿದ್ದಾಳೆ, ಇನ್ನೇನು," ಎಂದರು ಪ್ರಿನ್ಸಿಪಾಲರು. "ಎರಡು ಗಂಟೆಗೆ ಜೀಪು ತರಿಸಿ ಇನ್ಸ್‌ಪೆಕ್ಟರೇ. ಸಂಜೆ ಹೊತ್ತಿಗೆ ಪೋಷಕರು ಬರೋದರೊಳಗೆ ಇದು ಮುಗೀಬೇಕು."

ಇನ್ಸ್‌ಪೆಕ್ಟರ್ ತಲೆಯಾಡಿಸಿದರು.

ಕಾನ್‌ಸ್ಟೆಬಲ್ ಮೂರೂ ಬೆಡ್‌ಶೀಟುಗಳನ್ನು ವರಾಂಡದ ಬೆಳಕಿಗೆ ಒಯ್ದು ಹರಡಿದ. ಏಣಿಯ ಎರಡರ ಮೇಲೂ ಹೊಲಿಗೆ ಟೀಚರಿನ ಸಣ್ಣ, ಸಲೀಸಾದ ಹೊಲಿಗೆ. ಮೂರನೆಯದರಲ್ಲಿ ಉದ್ದುದ್ದ ಹೊಲಿಗೆ. ಬಾಲದ ಹತ್ತಿರ ಮೂರು ಸಲ ಬಿಚ್ಚಿ ಮೂರು ಸಲ ಹಾಕಿದ ಸೂಜಿಯ ತೂತುಗಳು. ಬಟ್ಟೆ ಮೂಸಿದ. ರಕ್ತದ ಕಮಟಿನಡಿಯಲ್ಲಿ ಮಕ್ಕಳ ಉಚ್ಚೆಯ ವಾಸನೆ. ಓದು ಬಲ್ಲವರು ಅಂಕಿಯನ್ನು ಬರೆಯುತ್ತಾರೆ. ಇಲ್ಲಿ ಯಾರೋ ಅದನ್ನು ನೋಡಿ ನೋಡಿ ಚಿತ್ರ ಬಿಡಿಸಿದ್ದರು. ಬೆಳಗ್ಗೆ ಹರಿದು ಎಸೆದ ತನ್ನದೇ ಹಾಳೆ ಎದುರಿಗಿಟ್ಟಂತಾಯಿತು ಅವನಿಗೆ.

"ಸಾರ್, ಇದು ಇಪ್ಪತ್ತಾರಲ್ಲ. ಇಪ್ಪತ್ತೊಂಬತ್ತು ಅಂತ ಹೊಲಿಯೋಕೆ ಹೋಗಿದ್ದಾರೆ. ಬಾಲ ತಪ್ಪಿದೆ."

"ಯಾರಪ್ಪ ಹಾಗೆ ತಪ್ಪೋರು?"

"ನಾನು ತಪ್ತೀನಲ್ಲ ಸಾರ್."

ಇನ್ಸ್‌ಪೆಕ್ಟರ್ ಅವನನ್ನು ಒಂದು ಗಳಿಗೆ ನೋಡಿ ವಾಚು ನೋಡಿಕೊಂಡರು. "ಎರಡು ಗಂಟೆವರೆಗೆ ಟೈಮು. ಆಮೇಲೆ ನನ್ನ ಕೇಳಬೇಡ."

ಇಪ್ಪತ್ತೊಂಬತ್ತು ಎಂದರೆ ಎರಡನೇ ಕ್ಲಾಸಿನ ಗುಬ್ಬಿ. ಏಳು ವರ್ಷ. ಹಾಸಿಗೆಯ ತುದಿಯಲ್ಲಿ ಮಂಡಿ ಅಪ್ಪಿಕೊಂಡು ಕೂತಿದ್ದಳು. ಬೆಳಗ್ಗೆಯಿಂದ ತುಟಿ ಎರಡು ಮಾಡಿರಲಿಲ್ಲ. ಹತ್ತು ಉಗುರುಗಳಲ್ಲಿ ನಾಲ್ಕು ಬುಡದವರೆಗೆ ಒಡೆದು, ಸಂದಿಯಲ್ಲಿ ಹಸಿರು ಬಣ್ಣ ಸಿಕ್ಕಿಕೊಂಡಿತ್ತು. ಟ್ರಂಕಿನ ಒಳಮೈಯ ಬಣ್ಣ. ಕಾನ್‌ಸ್ಟೆಬಲ್ ಅವಳ ಮುಂದೆ ಕುಕ್ಕರಿಸಿದ. ಮಹಿಳಾ ಕಾನ್‌ಸ್ಟೆಬಲ್ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು, "ನೀನು ಹೋಗಪ್ಪ, ಇವಳು ಬಾಯಿ ಬಿಟ್ಟಾಗ ಬಿಡ್ತಾಳೆ," ಎಂದಳು.

ಟೀಚರು, ಅಡುಗೆಯವರು, ಗೇಟಿನವನು, ಆ ಕಾಂಪೌಂಡಿನೊಳಗೆ ಎಲ್ಲರೂ ಓದುಬರಹ ಬಲ್ಲವರೇ. ಒಬ್ಬಳನ್ನು ಬಿಟ್ಟು.

೧೨.೪೦. ಬಟ್ಟೆ ಒಗೆಯುವ ಸೋಪಕ್ಕ ಇಸ್ತ್ರಿ ಕೋಣೆಯಲ್ಲಿ ಒಣಗಿದ ಬಟ್ಟೆಗಳನ್ನು ಹುಡುಗಿಯರ ಗೂಡಿಗೆ ಹಂಚಿ ಇಡುತ್ತಿದ್ದಳು. ಐವತ್ತರ ಗಟ್ಟಿ ಮೈ; ನೀರಿನಲ್ಲಿ ನೆನೆದು ನೆನೆದು ಬೆಳ್ಳಗಾದ ಬೆರಳು.

"ನಂಬರ್ ನೋಡಲ್ವಾ ಅಕ್ಕಾ?"

"ನಂಬರ್ ಯಾಕೆ ತಮ್ಮಾ? ಕಾಲರ್ ಕಚ್ಚೋಳು ಒಬ್ಬಳು, ಇಂಕು ಚೆಲ್ಲೋಳು ಇನ್ನೊಬ್ಬಳು. ಬಟ್ಟೇನೇ ಬಾಯಿಬಿಟ್ಟು ಹೇಳ್ತದೆ."

ಅವನು ಒಂದು ತುಂಡು ಇದ್ದಿಲು ಎತ್ತಿಕೊಂಡು ಗೋಡೆಯ ಮೇಲೆ, ಉಸಿರು ಬಿಗಿಹಿಡಿದು, ಎರಡು ಅಂಕಿ ಬರೆದ. ೨೬. ೨೯.

"ಇದರಲ್ಲಿ ಗುಬ್ಬಿ ಯಾವುದು?"

ಅವಳು ಸೆರಗಿಗೆ ಕೈ ಒರೆಸಿಕೊಂಡು ತುಂಬಾ ಹೊತ್ತು ನೋಡಿದಳು. ಆಮೇಲೆ ಇಪ್ಪತ್ತಾರರ ಮೇಲೆ ಬೆರಳಿಟ್ಟಳು. "ಇದು." ಕಂದನ ಕೆನ್ನೆ ಮುಟ್ಟಿದ ಹಾಗೆ ಮುಟ್ಟಿದ್ದಳು. ತಿರುಗಿ ಅವನ ಮುಖ ನೋಡಿದವಳಿಗೆ ಗೊತ್ತಾಗಿಹೋಯಿತು.

"ಏಣೀನ ಕರ್ಕೊಂಡು ಹೋಗ್ತಾರಂತೆ, ನಿಜಾನಾ?"

"ಎರಡು ಗಂಟೆಗೆ."

"ಆ ಹುಡುಗಿ ಕೈಯಲ್ಲಿ ಚಮಚ ಹಿಡಿಯೋಕೂ ಆಗಲ್ಲ ತಮ್ಮಾ. ಬಿಡು ಅವಳನ್ನ. ನಾನು ಬರ್ತೀನಿ." ಮಡಚುತ್ತಿದ್ದ ಲಂಗವನ್ನು ಪೂರ್ತಿ ಮಡಚಿ, ಅದರ ಗೂಡಿನಲ್ಲಿಟ್ಟು ಹೊರಟಳು.

೧.೧೫ಕ್ಕೆ ಬಂಧನ. ಏಣಿಯನ್ನು ಬಿಟ್ಟರು. ಠಾಣೆಯಲ್ಲಿ ಸೋಪಕ್ಕ ಕೊಟ್ಟ ಹೇಳಿಕೆ ಒಂದೂವರೆ ಪುಟ.

ಹಾಸಿಗೆ ಒದ್ದೆ ಮಾಡಿದವರ ತಲೆಗೆ ಅದೇ ಬೆಡ್‌ಶೀಟು ಹೊದಿಸಿ ಊಟದ ಹಾಲಿನ ಸುತ್ತ ನಡೆಸುವುದು ವಾರ್ಡನ್ನಿನ ಪದ್ಧತಿ. ಮತ್ತೆ ಮಾಡಿದರೆ ಟ್ರಂಕು. ಏಳು ತಿಂಗಳಿಂದ ಸೋಪಕ್ಕ ಬೆಳಗಿನ ಗಂಟೆಗೆ ಮುಂಚೆಯೇ ಬಂದು ಗುಬ್ಬಿಯ ಒದ್ದೆ ಬೆಡ್‌ಶೀಟು ಎಳೆದುಕೊಂಡು ಒಣಗಿದ್ದು ಹಾಸಿ ಹೋಗುತ್ತಿದ್ದಳು. ಒಗೆದೂ ಒಗೆದೂ ಒಂದು ಹರಿದುಹೋಯಿತು. ಸೋಮವಾರ ಹೊಸ ಬಟ್ಟೆಗೆ ತಾನೇ ನಂಬರು ಹೊಲಿದಳು. ಮಂಗಳವಾರ ಒದ್ದೆ ಹಾಸಿಗೆಯ ಮೇಲೆ ಅದನ್ನು ಹಾಸಿದಳು.

"ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು ಹೋಗ್ತಿದ್ದೆ. ಟ್ರಂಕು ಕೋಣೆಯೊಳಗೆ ಕರಕರ ಸದ್ದು. ಇಲಿ ಅಂದ್ಕೊಂಡೆ. ನೋಡಿದರೆ ಅವಳು ಟ್ರಂಕಿನ ಮುಚ್ಚಳದ ಮೇಲೆ ಕೂತು ಹಾಜರಿ ಬರೀತಿದ್ದಾಳೆ. ಒಳಗೆ ಮಗು. ಎದ್ದೇಳಿ ಅಂದೆ. ಮೂರು ಸಲ ಅಂದೆ. ಈ ಸಾಲು ಮುಗಿಸಿ ಏಳ್ತೀನಿ ಅಂದಳು. ಮೂರು ಸಲ ಹೊಡೆದೆ."

ಮರಣೋತ್ತರ ವರದಿಯಲ್ಲಿಯೂ ಮೂರೇ ಏಟು. ಮಗುವನ್ನು ಹೊರಗೆ ತೆಗೆದು, ಅವಳ ಮೇಲಿದ್ದ ಬೆಡ್‌ಶೀಟಿನಲ್ಲೇ ಪೆಟ್ಟಿಗೆ ಸುತ್ತಿ ತೊಟ್ಟಿಗೆ ಎಸೆದಿದ್ದಳು.

ಸಂಜೆ ೪.೨೦ಕ್ಕೆ ಮಹಿಳಾ ಕಾನ್‌ಸ್ಟೆಬಲ್ ಗುಬ್ಬಿಯ ಹೇಳಿಕೆ ತಂದಳು. ನಾಲ್ಕೇ ಸಾಲು. 'ಮೇಡಮ್ಮು ನನ್ನ ಹಾಸಿಗೆ ನೋಡಿದರು. ಇಪ್ಪತ್ತಾರರ ಬೆಡ್‌ಶೀಟು ನಿನಗೆ ಹೇಗೆ ಬಂತು ಅಂದರು. ನಿಜ ಹೇಳಿದೆ. ಅದನ್ನೇ ತಲೆ ಮೇಲೆ ಹಾಕಿ ಟ್ರಂಕಿನಲ್ಲಿ ಕೂರಿಸಿದರು.'

ಕಾನ್‌ಸ್ಟೆಬಲ್ ಅದನ್ನು ಎರಡು ಸಲ ಓದಿ ಕಡತಕ್ಕೆ ಸೇರಿಸಿದ. ಒಂದು ಲೋಟ ನೀರು ತೆಗೆದುಕೊಂಡು ಲಾಕಪ್ಪಿನ ಹತ್ತಿರ ಹೋಗಿ ಸರಳಿನೊಳಗೆ ತೂರಿಸಿದ. ಸೋಪಕ್ಕ ಲೋಟ ಈಸಿಕೊಂಡಳು, ಕುಡಿಯಲಿಲ್ಲ.

"ಒಂದು ಮಾತು ಕೇಳ್ತೀನಿ ತಮ್ಮಾ. ಏಳು ತಿಂಗಳು ಒಂದು ನರಪಿಳ್ಳೆಗೂ ಗೊತ್ತಾಗಿರಲಿಲ್ಲ. ಇವತ್ತೇ ಹೇಗೆ ಸಿಕ್ಕಿಬಿತ್ತು ಆ ಮಗು? ನಾನು ಹೊಲಿದದ್ದು ಸರಿಯಾಗೇ ಇತ್ತು ತಾನೇ?"

ಅವನ ಬೆರಳುಗಳಲ್ಲಿ ಇದ್ದಿಲಿನ ಮಸಿ ಇನ್ನೂ ಹಾಗೇ ಇತ್ತು. ಅದನ್ನು ಪ್ಯಾಂಟಿಗೆ ತಿಕ್ಕುತ್ತ, ಅವನು ತಿರುಗಿ ಬಾಗಿಲ ಕಡೆಗೆ ನಡೆದ.