ಪಾಡ್ಯದ ಬೆಳಿಗ್ಗೆ ಒದ್ದ ಗಾಡಿ

ಕೊಟ್ರಯ್ಯ ತಾನು ಓಡಿಸುವ ಪಿಕಪ್ ಗಾಡಿಯ ಮುಂದೆ ಅಂಗಾತ ಬಿದ್ದಿದ್ದ. ಬಲಗೈ ಮುರಿದು ಹೊರಳಿತ್ತು. ತಲೆಯ ಹಿಂಭಾಗ ಅಂಗಳದ ಒರಳುಕಲ್ಲಿಗೆ ಬಡಿದು ರಕ್ತ ಹರಿದಿತ್ತು. ಇಂಜಿನ್ ತಿರುವುವ ಹ್ಯಾಂಡಲ್ ಮಾತ್ರ ಏನೂ ಅರಿಯದಂತೆ ಗಾಡಿಯ ಮೂತಿಯಲ್ಲಿ ನೇತಾಡುತ್ತಿತ್ತು.

ಮೊದಲು ನೋಡಿದವಳು ಪಕ್ಕದ ಮನೆಯ ತಾಯಕ್ಕ. ಅವಳ ಕೂಗಿಗೆ ಹೊಸಪೇಟೆಯ ಆ ಓಣಿ ಹಾಸಿಗೆ ಬಿಟ್ಟು ಓಡಿಬಂತು. ಕೊಟ್ರಯ್ಯನ ಹೆಂಡತಿ ಮರುಳಸಿದ್ದಮ್ಮ ಅಡುಗೆಮನೆಯಿಂದ ಬಂದು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಳಲಿಲ್ಲ. ಅದನ್ನೂ ಓಣಿ ಗಮನಿಸಿತು. ಓಣಿಗೆ ಬೇರೇನು ಕೆಲಸ?

ಸಬ್ ಇನ್ಸ್‌ಪೆಕ್ಟರ್ ಹೊನ್ನೂರಸ್ವಾಮಿ ಬರುವಷ್ಟರಲ್ಲಿ ಗಾಯಾಳುವನ್ನು ಬಂಡಿಯಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಉಸಿರಿತ್ತು, ಎಚ್ಚರವಿರಲಿಲ್ಲ. ಸಂಜೆಯವರೆಗೆ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು.

“ಗಾಡಿ ಒದ್ದೈತ್ರಿ ಸಾಹೇಬ್ರ,” ಎಂದ ಕಾನ್‌ಸ್ಟೇಬಲ್ ಪಾಲಯ್ಯ. “ತಿರುವುವಾಗ ಹ್ಯಾಂಡಲ್ ಉಲ್ಟಾ ಹೊಡದೈತಿ.”

“ಹೊಸಬರಿಗೆ ಒದೀತೈತಿ. ಸಂಡೂರ ಘಾಟ್ ಹತ್ತಿ ಇಳಿದು ಮುದುಕಾದ ಡ್ರೈವರಗ ಒದೀತೈತೇನು?” ಎಂದ ಹೊನ್ನೂರಸ್ವಾಮಿ.

ತಾಯಕ್ಕ ಮುಂದೆ ನುಗ್ಗಿದಳು. “ಗಾಡಿ ಅಲ್ರೀ, ಅಂದಾನಪ್ಪ! ನಿನ್ನಿ ಸಂಜಿಕ ಇಲ್ಲೇ ನಿಂತು ‘ನಿನ್ನ ಕೈ ಮುರೀಲಿಲ್ಲಂದ್ರ ನಾನು ಡ್ರೈವರ ಅಲ್ಲ’ ಅಂದಾನ. ಈಗ ನೋಡ್ರಿ, ಕೈಯೇ ಮುರದೈತಿ!”

ಅಂದಾನಪ್ಪನೂ ಡ್ರೈವರನೇ. ಪಿಕಪ್ಪಿನ ಯಜಮಾನ ಕಂಪ್ಲಿಯ ಅಕ್ಕಿ ಗಿರಣಿಯ ಜಡೆಪ್ಪ. ಅವನು ಗಾಡಿಯನ್ನು ಯಶವಂತನಗರದ ಗಣಿಗೆ ಬಾಡಿಗೆಗೆ ಬಿಟ್ಟಾಗ ಆ ಕೆಲಸಕ್ಕೆ ಇಬ್ಬರೂ ಕೈಚಾಚಿದ್ದರು. ಸಿಕ್ಕಿದ್ದು ಕೊಟ್ರಯ್ಯನಿಗೆ. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಹೊತ್ತು ಏರುವ ಮೊದಲೇ ಅಂದಾನಪ್ಪ ಲಾಕಪ್ಪಿನಲ್ಲಿದ್ದ. ಕೊಟ್ರಯ್ಯ ಸತ್ತರೆ ಅವನ ಕೊರಳಿಗೆ ನೇಣು ಎಂಬುದು ಓಣಿಯ ತೀರ್ಪು.

* * *

ಹೊನ್ನೂರಸ್ವಾಮಿಗೆ ಓಣಿಯ ತೀರ್ಪು ಸಾಲದು. ಪೊಲೀಸು ಸೇರುವ ಮೊದಲು ಬಳ್ಳಾರಿಯ ಮೋಟಾರು ಶೆಡ್ಡಿನಲ್ಲಿ ಮೈಗೆಲ್ಲ ಎಣ್ಣೆ ಮೆತ್ತಿಕೊಂಡವನು ಅವನು. ಮನುಷ್ಯರು ಸುಳ್ಳು ಹೇಳಿದರೂ ಇಂಜಿನ್ ಹೇಳುವುದಿಲ್ಲ ಎಂಬುದು ಅಲ್ಲಿ ಕಲಿತ ಪಾಠ. ಮನೆಯಲ್ಲಿ ಕಾಯುವವರೂ ಇರಲಿಲ್ಲ. ಹೆಂಡತಿ ಮದನಪಲ್ಲಿಯ ಕ್ಷಯದ ಆಸ್ಪತ್ರೆಯಲ್ಲಿ ಮಲಗಿದ್ದಳು. ನೋಡಿಬರಲು ರಜೆ ಕೇಳಬೇಕು, ಕೇಳುತ್ತಿರಲಿಲ್ಲ.

ಮೊದಲು ಸ್ಟಿಯರಿಂಗಿನ ಕೆಳಗಿನ ಸಣ್ಣ ಕಡ್ಡಿ ನೋಡಿದ. ಕಿಡಿಯನ್ನು ಹಿಂದೆ ಮುಂದೆ ಮಾಡುವ ಕಡ್ಡಿ ಅದು. ಗಾಡಿ ಎಬ್ಬಿಸುವಾಗ ಪೂರಾ ಹಿಂದಕ್ಕಿರಬೇಕು. ಹಿಂದಕ್ಕೇ ಇತ್ತು. ಕೊಟ್ರಯ್ಯ ತಪ್ಪಿರಲಿಲ್ಲ.

“ಪಾಲಯ್ಯ, ಒಂದು ಪ್ಲಗ್ ಬಿಚ್ಚು. ಆ ತೂತಿಗೆ ಉದ್ದನ ಬಿದಿರ ಕಡ್ಡಿ ಇಳಿಬಿಡು. ಬಿಚ್ಚಿದ ಪ್ಲಗ್ ವೈರಿನ ಸಮೇತ ಇಂಜಿನ್ ಮ್ಯಾಲ ಇರಲಿ. ಸ್ವಿಚ್ ಹಾಕು.”

ತಾನೇ ಹ್ಯಾಂಡಲ್ಲನ್ನು ಇಷ್ಟಿಷ್ಟೇ ತಿರುವಿದ. ಒಳಗಿನ ಪಿಸ್ಟನ್ ಮೇಲೇರಿದಂತೆ ಬಿದಿರ ಕಡ್ಡಿಯೂ ಏರಿತು. ಪಿಸ್ಟನ್ ತುದಿ ಮುಟ್ಟಿದ ಮೇಲೆ ಕಿಡಿ ಹಾರಬೇಕು. ಕಡ್ಡಿ ಇನ್ನೂ ಏರುತ್ತಿರುವಾಗಲೇ ಚಟ್ ಎಂದು ಹಾರಿತು.

“ನೋಡಿದ್ಯಾ? ಕಿಡಿ ಭಾಳ ಜಲ್ದಿ ಬಂತು. ಮ್ಯಾಕ ಬರೋ ಪಿಸ್ಟನ್ನ ಅರ್ಧ ದಾರೀಲೇ ಕೆಳಗ ಒದೀತು. ಆ ಒದಿ ಹ್ಯಾಂಡಲ್ ಹಿಡಿದ ಕೈಗೆ ಬಂತು.”

“ಕೊಟ್ರಯ್ಯನೇ ತಪ್ಪಿ ಹಂಗ ಕೂಡಿಸಿರಬೇಕ್ರಿ. ನಿನ್ನಿ ದಿನಾನೆಲ್ಲ ಇಂಜಿನ್ನಿನಾಗ ತಲಿ ಹಾಕಿದ್ನಂತ.”

ಹೊನ್ನೂರಸ್ವಾಮಿ ಬಾನೆಟ್ಟಿನೊಳಗೆ ಬಗ್ಗಿದ. ಸಿಲಿಂಡರುಗಳಿಗೆ ಕಿಡಿ ಹಂಚುವ ಕರಿಯ ಡಬ್ಬಿ, ಡಿಸ್ಟ್ರಿಬ್ಯೂಟರ್, ಅಲ್ಲಿತ್ತು. ಅದನ್ನು ತಿರುವಿಯೇ ಕಿಡಿ ಹಾರುವ ಹೊತ್ತನ್ನು, ಅಂದರೆ ಟೈಮಿಂಗ್, ಕೂಡಿಸುವುದು. ನಿನ್ನೆ ಅಮಾವಾಸ್ಯೆ. ಅಮಾವಾಸ್ಯೆಗೆ ಗಾಲಿ ಉರುಳಬಾರದು, ಗಾಡಿಗೆ ಪೂಜೆ, ತಿಂಗಳೆಲ್ಲ ಗಣಿಯಲ್ಲೇ ಇರುವ ಡ್ರೈವರನಿಗೆ ಮನೆ. ಇದು ಜಡೆಪ್ಪನ ಕಟ್ಟಳೆ. ಕೊಟ್ರಯ್ಯ ಕೆಲಸ ಮುಗಿಸಿ ಡಬ್ಬಿಯ ಮೇಲಿಂದ ಕೆಳಗಿನ ಕಬ್ಬಿಣದವರೆಗೆ ವಿಭೂತಿಯ ಮೂರು ಪಟ್ಟೆ ಎಳೆದಿದ್ದ. ದಪ್ಪ ಬೆರಳಿನ ಅಗಲ ಪಟ್ಟೆಗಳು.

ಆ ಪಟ್ಟೆಗಳು ಈಗ ಒಂದಕ್ಕೊಂದು ಕೂಡುತ್ತಿರಲಿಲ್ಲ. ಡಬ್ಬಿಯ ಮೇಲಿನವು ಬಲಕ್ಕೆ ಸರಿದಿದ್ದವು.

“ಪೂಜಿ ಆದಮ್ಯಾಲ ಯಾರೋ ಬಲಕ್ಕ ತಿರುವ್ಯಾರ,” ಎಂದ ಹೊನ್ನೂರಸ್ವಾಮಿ. ಮತ್ತೆ ಬಗ್ಗಿ ಬಹಳ ಹೊತ್ತು ಒಂದೇ ಕಡೆ ನೋಡಿದ. ಏನು ಕಂಡಿತೆಂದು ಪಾಲಯ್ಯನಿಗೆ ಹೇಳಲಿಲ್ಲ.

* * *

ಲಾಕಪ್ಪಿನಲ್ಲಿ ಅಂದಾನಪ್ಪ ಗೋಡೆಗೆ ಒರಗಿ ಕೂತಿದ್ದ.

“ಕೈ ಮುರೀತೀನಿ ಅಂದಿದ್ದು ಖರೇನ?”

“ಖರೇ ರೀ. ನನ್ನ ಜಾಕ್ ಒಯ್ದು ವಾಪಸ್ ಕೊಟ್ಟಿರಲಿಲ್ಲ. ಸಿಟ್ಟಿಗೆ ಅಂದೆ. ಅಂದವ್ರೆಲ್ಲ ಮುರದಿದ್ರ ಈ ಊರಾಗ ಒಂದು ಕೈ ಉಳೀತಿತ್ತೇನ್ರಿ?”

“ಗಾಡಿ ಏಳಬಾರದು ಅಂತ ಡಬ್ಬಿ ತಿರುವೋದಾದ್ರ ಯಾವ ಕಡಿ ತಿರುವ್ತಿದ್ದಿ?”

“ಎಡಕ್ಕ ರೀ. ಕಿಡಿ ತಡ ಆಕ್ಕೈತಿ, ಗಾಡಿ ಕೆಮ್ಮಿ ಸುಮ್ನಾಕ್ಕೈತಿ. ಬಲಕ್ಕ ತಿರುವಿ ಒಬ್ಬನ ಕೈಗೆ ಹ್ಯಾಂಡಲ್ ಕೊಡೋದಂದ್ರ ಹುತ್ತಕ್ಕ ಕೈ ಹಾಕು ಅಂದಂಗ. ಅದು ಕೊಲಿ. ಡ್ರೈವರಾದಾವ ವೈರಿಗೂ ಮಾಡಂಗಿಲ್ಲ.” ಎದ್ದು ಕಂಬಿ ಹಿಡಿದು ಕೇಳಿದ: “ಕೊಟ್ರ್ಯಾ ಬದುಕ್ತಾನ?”

ಆ ಪ್ರಶ್ನೆ ಕೇಳಿದ ದನಿ ಹೊನ್ನೂರಸ್ವಾಮಿಗೆ ಹಿಡಿಸಿತು. ಆದರೆ ದನಿಯೊಂದನ್ನೇ ನಂಬಿ ಬೀಗ ತೆಗೆಯಲಾಗದು. ಟೋಪಿ ಹಾಕಿಕೊಂಡು ಮತ್ತೆ ಓಣಿಗೆ ಹೊರಟ.

* * *

ಮರುಳಸಿದ್ದಮ್ಮ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದಳು, ಗಂಡನಿಗೆ ಹಾಸಲು ಒಂದು ಕೌದಿ ಒಯ್ಯಲು. ಹೊನ್ನೂರಸ್ವಾಮಿ ನೀರು ಕೇಳಿದ. ಅವಳು ತಂಬಿಗೆ ತರಲು ಹೋದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತ. ಒಲೆಯ ಪಕ್ಕ ದೊಡ್ಡ ಬೋಗುಣಿಯಲ್ಲಿ ಕಡಲೆಬೇಳೆ ನೆನೆದು ಉಬ್ಬಿತ್ತು. ಬದಿಯಲ್ಲಿ ಬೆಲ್ಲದ ಅಚ್ಚು.

“ಹೋಳಿಗಿಗೇನವ್ವ?”

“ಹೂಂ ರೀ.”

“ನಿನ್ನಿ ಅಮಾಸಿ, ನಿನ್ನೇನ ಮಾಡಿರಬೇಕಲ್ಲ. ಇವತ್ತು ಯಾರಿಗೆ? ಗಂಡ ಕತ್ತಲದಾಗ ಎದ್ದು ಗಣಿಗೆ ಹೊರಡಾವ. ಒಬ್ಬಾಕೀಗೆ ಇಷ್ಟು ಬ್ಯಾಳಿ ಯಾರೂ ನೆನಿ ಹಾಕಂಗಿಲ್ಲ.”

ತಂಬಿಗೆ ಅವಳ ಕೈಯಲ್ಲೇ ಉಳಿಯಿತು.

ಹೊನ್ನೂರಸ್ವಾಮಿ ಕಟ್ಟೆಯ ಮೇಲೆ ಕೂತ. ಗದರಿಸಲಿಲ್ಲ. “ನಾನು ಹೇಳ್ತೀನಿ, ತಪ್ಪಿದ್ರ ತಿದ್ದವ್ವ. ಕೊಟ್ರಯ್ಯ ಎಳದ ಪಟ್ಟಿ ತುಂಡಾಗ್ಯಾವ, ಅಂದ್ರ ಪೂಜಿ ಆದಮ್ಯಾಲ ಡಬ್ಬಿ ತಿರುಗೈತಿ. ಸ್ಕ್ರೂ ಬಿಚ್ಚುವಾಗ ಅಲ್ಲಿನ ವಿಭೂತಿ ಅಳಿಸೇತಿ. ಅಳಿಸಿದ ಜಾಗದಾಗ ಮತ್ತ ಮೂರು ಹೊಸ ಪಟ್ಟಿ ಅದಾವ. ಸಣ್ಣ ಬೆರಳಿನವು. ಕೇಡು ಮಾಡಾಕ ಬಂದಾವ ಗಾಡಿ ಕೆಡಿಸಿ ಓಡ್ತಾನ, ವಿಭೂತಿ ಹಚ್ಚಿ ‘ಕಾಪಾಡಪ್ಪ’ ಅನ್ನಂಗಿಲ್ಲ. ಹಂಗ ಅಂದಾಕಿಗೆ ಕೊಟ್ರಯ್ಯ ಇವತ್ತು ಹೋಗಂಗಿಲ್ಲ ಅಂತ ಗೊತ್ತಿತ್ತು. ಅದಕ್ಕ ಬ್ಯಾಳಿ ನೆನಿ ಹಾಕಿದ್ಲು.”

ಅವಳು ಈಗ ಅತ್ತಳು. ಬೆಳಗಿನಿಂದ ಕಟ್ಟಿಟ್ಟಿದ್ದೆಲ್ಲ ಒಮ್ಮೆಗೇ ಒಡೆಯಿತು.

“ಎಲ್ಲಾರು ಹುಣ್ಣಿವಿ ಕಾಯ್ತಾರ್ರೀ. ನಾನು ಅಮಾಸಿ ಕಾಯ್ತೀನಿ. ಚಂದ್ರ ಸವದಂಗೆಲ್ಲ ನನಗ ಖುಷಿ. ತಿಂಗಳಿಗೆ ಒಂದ ದಿನ ಬರ್ತಾನ. ಈ ಸರ್ತಿ ಬಂದಾವ ಘಾಟಿನಾಗ ಇಂಜಿನ್ ಬಡಕೊಳ್ತೈತಿ ಅಂತ ದಿನಾನೆಲ್ಲ ಬಾನೆಟ್ಟಿನಾಗ ಕುಂತ. ಹೋಳಿಗಿ ಸುದ್ದಾ ನಿಂತೇ ತಿಂದ. ನನ್ನ ದಿನ ಇಂಜಿನ್ ತಿಂತ್ರೀ.”

“ಡಬ್ಬಿ ತಿರುವೋದು ಯಾರು ಕಲಿಸಿದ್ರು?”

“ಅವನೇ ರೀ. ನಾನು ನಟ್ಟು ಬಿಚ್ಚೋ ಪಾನಾ ಕೊಡ್ತಾ ನಿಂತಿದ್ದೆ. ‘ಇದನ್ನ ಒಂಚೂರು ತಿರುವಿದ್ರ ಸಾಕು ನೋಡು ಸಿದ್ದಿ, ಗಾಡಿ ಏಳಂಗೇ ಇಲ್ಲ’ ಅಂತ ನಕ್ಕ. ನನಗ ಅಷ್ಟು ಕೇಳಿದ್ದ ಸಾಕಾತು. ಒಂದು ದಿನ ರೀ. ಇನ್ನೊಂದ ದಿನ ಇರಲಿ ಅಂತ. ಒಳಗ ಕುಂತು ‘ಸಿದ್ದಿ, ಗಾಡಿ ಏಳವಲ್ದು’ ಅಂತ ಈಗ ಬರ್ತಾನ, ಈಗ ಬರ್ತಾನ ಅಂತ ಕಾದೆ. ತಾಯಕ್ಕ ಕೂಗಿದ್ಲು.”

“ಎಡಕ್ಕ ತಿರುವಿದ್ರ ನೀನಂದಂಗ ಆಗ್ತಿತ್ತು. ಬಲಕ್ಕ ಯಾಕ ತಿರುವಿದಿ?”

ಮರುಳಸಿದ್ದಮ್ಮ ಅವನನ್ನು ಅರ್ಥವಾಗದವಳಂತೆ ನೋಡಿದಳು. “ಪೂಜಿ ಆಗಿತ್ತಲ್ರೀ. ಪೂಜಿ ಆಗಿದ್ದನ್ನ ಎಡಕ್ಕ ಹೆಂಗ ತಿರುವ್ಲಿ? ದೇವರನ್ನ ಯಾರರ ಎಡಕ್ಕ ಸುತ್ತುತಾರೇನ್ರಿ?”

ಹೊನ್ನೂರಸ್ವಾಮಿ ಎದ್ದು, “ಕೌದಿ ತಗೋ ಅವ್ವ, ಆಸ್ಪತ್ರಿಗೆ ಹೋಗೂಣು,” ಎಂದ.

* * *

ಸಂಜೆ ಕೊಟ್ರಯ್ಯ ಕಣ್ಣು ಬಿಟ್ಟ. ಹೊನ್ನೂರಸ್ವಾಮಿ ಎಲ್ಲವನ್ನೂ ಹೇಳಿದ. ಮರುಳಸಿದ್ದಮ್ಮ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು.

ಕೊಟ್ರಯ್ಯ ಹೆಂಡತಿಯನ್ನು ನೋಡಿದ. “ಹುಚ್ಚಿ. ಹೋಗಬ್ಯಾಡ ಅಂದಿದ್ರ ನಿಲ್ತಿದ್ದೆ.”

“ಎಷ್ಟ ಸರ್ತಿ ಅಂದೀನಿ. ನಿಂತೀಯೇನು?”

ಕೊಟ್ರಯ್ಯ ಇನ್ಸ್‌ಪೆಕ್ಟರನ ಕಡೆ ತಿರುಗಿದ. “ಒದ್ದಿದ್ದು ಗಾಡಿ ರೀ. ಕೇಸ್ ಹಾಕೋದಿದ್ರ ಗಾಡಿ ಮ್ಯಾಲ ಹಾಕ್ರಿ.”

“ಗಾಡೀಗೆ ಬೇಡಿ ಸಿಗಂಗಿಲ್ಲ,” ಎಂದು ಹೊನ್ನೂರಸ್ವಾಮಿ ಎದ್ದ. ಹೊರಗೆ ಬಂದು ಪಾಲಯ್ಯನಿಗೆ ಹೇಳಿದ: “ಅಂದಾನಪ್ಪನ್ನ ಬಿಡು. ಗಾಡಿ ಒದ್ದೈತಿ ಅಂತ ಬರದು ಕೇಸ್ ಮುಚ್ಚು. ನಾಳಿ ನಾನು ರಜಾ. ಮದನಪಲ್ಲಿಗೆ ಹೋಗಬೇಕು.”

* * *

ತಲೆಯ ಗಾಯ ಮಾಯಿತು. ಕೈ ಕೂಡಿತು, ಸೊಟ್ಟಗೆ ಕೂಡಿತು. ಆ ಕೈ ಇನ್ನು ಹ್ಯಾಂಡಲ್ ತಿರುವುವ ಮಾತಿಲ್ಲ ಎಂದರು ಡಾಕ್ಟರು. ಜಡೆಪ್ಪ ಗಾಡಿಯನ್ನು ಅಂದಾನಪ್ಪನಿಗೆ ಒಪ್ಪಿಸಿದ.

ಅಂದಾನಪ್ಪ ಗಾಡಿ ಒಯ್ಯಲು ಬಂದ ದಿನ ಮದನಪಲ್ಲಿಯಿಂದ ಮರಳಿದ್ದ ಹೊನ್ನೂರಸ್ವಾಮಿಯೂ ಅಂಗಳದಲ್ಲಿದ್ದ. ಡಬ್ಬಿಯನ್ನು ತಾನೇ ಎಡಕ್ಕೆ ತಿರುವಿ ಸ್ಕ್ರೂ ಬಿಗಿದ. ಅಂದಾನಪ್ಪ ಹ್ಯಾಂಡಲ್ ಎಳೆದ. ಇಂಜಿನ್ ಎದ್ದಿತು.

ಒಳಗಿನ ಮಂಚದಿಂದ ಕೊಟ್ರಯ್ಯನ ದನಿ ಬಂತು. “ಇನ್ನೊಂದು ಕೂದಲೆಳಿ ಎಡಕ್ಕ!”

ಹೊನ್ನೂರಸ್ವಾಮಿ ತಿರುವಿದ. ಇಂಜಿನ್ನಿನ ದನಿ ನುಣುಪಾಯಿತು. ಗಾಡಿ ಓಣಿ ದಾಟಿ ಸಂಡೂರಿನ ದಾರಿ ಹಿಡಿಯಿತು.

ಮರುಳಸಿದ್ದಮ್ಮ ಬಿಸಿ ಹೋಳಿಗೆಯ ತಟ್ಟೆ ಹಿಡಿದು ಮಂಚದ ಬಳಿ ಬಂದಳು. ಇನ್ನು ಅವಳು ಅಮಾವಾಸ್ಯೆ ಕಾಯಬೇಕಿರಲಿಲ್ಲ. ಕೊಟ್ರಯ್ಯ ಅವಳನ್ನು ನೋಡಲಿಲ್ಲ. ದೂರವಾಗುತ್ತಿದ್ದ ಆ ಸದ್ದಿಗೆ ಕತ್ತು ಚಾಚಿ ಕೂತಿದ್ದ. ಪ್ರತಿ ಪಾಡ್ಯದ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು, ಅದೇ ಸದ್ದು ಪೂರಾ ಕರಗುವವರೆಗೆ ಅವಳು ಹಾಗೆಯೇ ಕೇಳುತ್ತಿದ್ದಳು.

ಅವಳು ತಟ್ಟೆಯನ್ನು ಕೆಳಗಿಟ್ಟು, ಅವನ ಪಕ್ಕ ಕೂತು, ಅವನ ಜೊತೆಗೆ ತಾನೂ ಕೇಳಿದಳು.